ಬಳ್ಳಾರಿಯ ಬಾಲ್ಕನಿಗೆ ಯಾವ ಇಳಿಬಳ್ಳಿ? ಐವಿ ಜೆರೇನಿಯಂ ಮತ್ತು ಅದರ ಬದಲಿಗಳು

ನವೆಂಬರ್ ಕಳೆಯುತ್ತಿದ್ದಂತೆ ಬಳ್ಳಾರಿಯ ಸಸಿ ಮಾರುವ ಗಾಡಿಗಳಲ್ಲಿ ಸೇವಂತಿಗೆ, ಡೇಲಿಯಾಗಳ ನಡುವೆ ತೂಗುಕುಂಡದಿಂದ ಕೆಳಕ್ಕೆ ಇಳಿಬಿದ್ದ ಒಂದು ಹೊಳಪೆಲೆಯ ಗಿಡವೂ ಕಾಣಸಿಗುತ್ತದೆ. ಗುಲಾಬಿ, ಬಿಳಿ, ನಸುನೇರಳೆ ಬಣ್ಣದ ಗೊಂಚಲು ಹೂಗಳನ್ನು ಬಿಟ್ಟಿರುವ ಆ ಗಿಡವೇ ಐವಿ ಜೆರೇನಿಯಂ. ಮಡಿಕೇರಿಯಲ್ಲೋ ಊಟಿಯಲ್ಲೋ ಕಿಟಕಿಗೆ ಕಟ್ಟಿದ ಪೆಟ್ಟಿಗೆಯಿಂದ ಅದು ವರ್ಷವಿಡೀ ಇಳಿಬಿದ್ದಿರುವುದನ್ನು ನೋಡಿ ಬಂದವರಿಗೆ ನಮ್ಮ ಮನೆಯ ಮುಂದೆಯೂ ಹೀಗೊಂದು ಇರಬೇಕೆಂಬ ಆಸೆ ಹುಟ್ಟುವುದು ಸಹಜ. ನಾನೂ ಅದೇ ಆಸೆಯಿಂದ ಮೂರು ವರ್ಷ ಸತತವಾಗಿ ಸಸಿ ತಂದೆ. ಯುಗಾದಿಯ ಹೊತ್ತಿಗೆ ಎಲೆಗಳು ಬಿಳಿಚಿಕೊಂಡವು. ಬಸವ ಜಯಂತಿಯ ಹೊತ್ತಿಗೆ ಕುಂಡದಲ್ಲಿ ಉಳಿದದ್ದು ಒಣಕಡ್ಡಿಗಳು ಮಾತ್ರ. "ಬಿಸಿಲಿಗೆ ಇಡ್ರಿ ಅಕ್ಕಾ, ಏನೂ ಆಗಲ್ಲ" ಎಂದು ಮಾರಿದವನದು ಪೂರ್ತಿ ಸುಳ್ಳೇನಲ್ಲ. ಆತ ಆ ಮಾತನ್ನು ಹೇಳಿದ್ದು ಡಿಸೆಂಬರಿನಲ್ಲಿ, ಮತ್ತು ಡಿಸೆಂಬರಿನ ಮಟ್ಟಿಗೆ ಅದು ನಿಜವೇ ಆಗಿತ್ತು.

ಆದ್ದರಿಂದ ಬಳ್ಳಾರಿ, ರಾಯಚೂರು, ಕೊಪ್ಪಳದಂಥ ಊರುಗಳಲ್ಲಿ ಐವಿ ಜೆರೇನಿಯಂ ಬೆಳೆಯುತ್ತದೆಯೇ ಎಂದು ಕೇಳುವುದಕ್ಕಿಂತ ಯಾವ ತಿಂಗಳುಗಳಲ್ಲಿ, ಯಾವ ದಿಕ್ಕಿನ ಬಾಲ್ಕನಿಯಲ್ಲಿ ಬೆಳೆಯುತ್ತದೆ ಎಂದು ಕೇಳುವುದು ಸರಿಯಾದ ಕ್ರಮ. ಈ ಎರಡಕ್ಕೂ ಉತ್ತರ ಸಿಕ್ಕಿದರೆ, ಐವಿ ಜೆರೇನಿಯಂ ಕೊಳ್ಳಬೇಕೋ ಅದರ ಬದಲಿಗೆ ಬೇರೊಂದು ಇಳಿಬಳ್ಳಿಯನ್ನು ತರಬೇಕೋ ಎಂಬುದು ಬಹುಮಟ್ಟಿಗೆ ತೀರ್ಮಾನವಾದಂತೆಯೇ.

ಗಿಡದ ತವರು, ಗಿಡದ ಸ್ವಭಾವ

ಜೆರೇನಿಯಂ ಎಂದು ನಾವು ಕರೆಯುವ ಈ ಕುಂಡದ ಗಿಡಗಳು ಸಸ್ಯಶಾಸ್ತ್ರದ ಲೆಕ್ಕದಲ್ಲಿ ಜೆರೇನಿಯಂಗಳಲ್ಲ, ಪೆಲಾರ್ಗೋನಿಯಂಗಳು. 1753ರಲ್ಲಿ ಲಿನೇಯಸ್ ಇವೆರಡನ್ನೂ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಅವುಗಳನ್ನು ಬೇರೆ ಮಾಡಿದ. ಅಷ್ಟರೊಳಗೆ ಹಳೆಯ ಹೆಸರು ತೋಟಗಾರರ ನಾಲಿಗೆಯ ಮೇಲೆ ಕುಳಿತುಬಿಟ್ಟಿತ್ತು. ಐವಿ ಜೆರೇನಿಯಂ ಎಂದರೆ ಪೆಲಾರ್ಗೋನಿಯಂ ಪೆಲ್ಟೇಟಂ. ಇದರ ತವರು ದಕ್ಷಿಣ ಆಫ್ರಿಕಾದ ಕೇಪ್ ಸೀಮೆ. ಅಲ್ಲಿ ಅದು ಪೊದೆಗಳ ಮೇಲೆ ಒರಗಿಕೊಂಡು, ಅವುಗಳ ಅರೆನೆರಳಿನಲ್ಲಿ ಹಬ್ಬುವ ಗಿಡ. ಎಲೆ ತುಸು ದಪ್ಪ, ನೀರು ಹಿಡಿದಿಟ್ಟುಕೊಳ್ಳುವಂಥದ್ದು. ಹೀಗಾಗಿ ಒಂದೆರಡು ದಿನ ನೀರು ತಪ್ಪಿದರೂ ಸಾಯುವುದಿಲ್ಲ.

ಇಷ್ಟು ತಿಳಿದವರು ಆಫ್ರಿಕಾದ ಗಿಡ, ದಪ್ಪ ಎಲೆ, ಬರ ತಾಳುತ್ತದೆ, ಹಾಗಾದರೆ ನಮ್ಮ ಬಿಸಿಲನ್ನೂ ತಾಳುತ್ತದೆ ಎಂದು ಲೆಕ್ಕ ಹಾಕುತ್ತಾರೆ. ನಾನು ತಪ್ಪಿದ್ದೂ ಅಲ್ಲಿಯೇ. ನೀರಿನ ಕೊರತೆಯನ್ನು ತಾಳುವುದು ಬೇರೆ, ಕಾವನ್ನು ತಾಳುವುದು ಬೇರೆ. ಹಗಲು 18ರಿಂದ 25 ಡಿಗ್ರಿ ಸೆಲ್ಸಿಯಸ್, ರಾತ್ರಿ ಅದಕ್ಕಿಂತ ಕೆಳಗೆ ಇದ್ದರೆ ಈ ಗಿಡಕ್ಕೆ ಹಿತ. 30 ಡಿಗ್ರಿ ದಾಟಿ ಹಲವು ದಿನ ನಿಂತರೆ ಮೊಗ್ಗು ಕಡಿಮೆಯಾಗುತ್ತದೆ, ಇನ್ನೂ ಏರಿದರೆ ಹೂ ಬಿಡುವುದು ನಿಲ್ಲುತ್ತದೆ. ನಮ್ಮಲ್ಲಿ ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳು 16, 18 ಡಿಗ್ರಿಯ ಆಸುಪಾಸಿಗೆ ಇಳಿಯುತ್ತವೆ, ಹಗಲು 30ರ ಸುತ್ತ ಇರುತ್ತದೆ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲು 40 ದಾಟುವುದಲ್ಲದೆ ರಾತ್ರಿಯೂ ಕಾವು ಇಳಿಯುವುದಿಲ್ಲ. ಗಿಡವನ್ನು ಹೆಚ್ಚು ದಣಿಸುವುದು ಈ ರಾತ್ರಿಯ ಸೆಕೆಯೇ. ಬಳ್ಳಾರಿಯ ಕೋಟೆಬೆಟ್ಟದ ಬುಡದಲ್ಲಿ ಮನೆಯಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಹಗಲೆಲ್ಲ ಕಾದ ಬಂಡೆ ಮಲಗುವ ಹೊತ್ತಿನಲ್ಲೂ ಕಾವು ಉಗುಳುತ್ತಿರುತ್ತದೆ.

ಒಟ್ಟಿನಲ್ಲಿ ನಮ್ಮ ಸೀಮೆಯಲ್ಲಿ ಐವಿ ಜೆರೇನಿಯಂ ನವೆಂಬರ್ ನಡುವಿನಿಂದ ಫೆಬ್ರವರಿ ಕೊನೆಯವರೆಗಿನ ಗಿಡ. ಬಳ್ಳಾರಿಗಿಂತ ತಗ್ಗಿನಲ್ಲಿರುವ, ಇನ್ನೂ ಸುಡುವ ರಾಯಚೂರಿನಲ್ಲಿ ಫೆಬ್ರವರಿಯ ಎರಡನೆಯ ವಾರಕ್ಕೇ ಅದು ಸೋಲತೊಡಗಬಹುದು. ತುಸು ಎತ್ತರದ ಕೊಪ್ಪಳದಲ್ಲಿ ಮಾರ್ಚಿನ ಮೊದಲ ದಿನಗಳವರೆಗೂ ಎಳೆಯಬಹುದು. ಸೇವಂತಿಗೆಯ ಕುಂಡವನ್ನು ಒಂದು ಋತುವಿಗೆಂದೇ ತರುತ್ತೇವಲ್ಲ, ಅದೇ ಮನಸ್ಸಿನಿಂದ ಇದನ್ನೂ ತಂದರೆ ಯಾವ ಬೇಸರವೂ ಇಲ್ಲ.

ಜೆರೇನಿಯಂಗಳಲ್ಲೇ ಆಯ್ಕೆ

ಅಂಗಡಿಯಲ್ಲಿ ಜೆರೇನಿಯಂ ಎಂದು ಕೇಳಿದರೆ ನಾಲ್ಕು ಬಗೆಯ ಗಿಡಗಳಲ್ಲಿ ಯಾವುದನ್ನಾದರೂ ಕೊಡಬಹುದು. ನೆಟ್ಟಗೆ ಬೆಳೆಯುವ, ದುಂಡನೆಯ ರೋಮಭರಿತ ಎಲೆಯ ಮೇಲೆ ಕಂದು ಬಳೆಯಂಥ ಗುರುತಿರುವುದು ಜೋನಲ್ ಜೆರೇನಿಯಂ. ಅದು ಐವಿಗಿಂತ ತುಸು ಹೆಚ್ಚು ಬಿಸಿಲು ತಾಳುತ್ತದೆ, ಆದರೆ ಇಳಿಬೀಳುವುದಿಲ್ಲ. ರೇಲಿಂಗಿನ ಹಿಂದೆ ನೆಲದ ಮೇಲಿಡುವ ಕುಂಡಕ್ಕೆ ಒಳ್ಳೆಯದು. ದೊಡ್ಡ ಹೂವಿನ, ಎಸಳಿನ ಮೇಲೆ ಕಪ್ಪು ಮಚ್ಚೆಯಿರುವ ರೀಗಲ್ ಜೆರೇನಿಯಂ ನೋಡಲು ಎಲ್ಲಕ್ಕಿಂತ ಚೆಲುವೆ. ಆದರೆ ಮೊಗ್ಗು ಕಟ್ಟಲು ಅದಕ್ಕೆ ಹಲವು ವಾರಗಳ ತಂಪು ರಾತ್ರಿಗಳು ಬೇಕು, ಅಂಥ ರಾತ್ರಿಗಳನ್ನು ನಮ್ಮ ಊರು ಕೊಡುವುದಿಲ್ಲ. ಹೂವಿದ್ದಾಗ ತಂದ ಗಿಡ ಆ ಹೂ ಉದುರಿದ ಮೇಲೆ ಮತ್ತೆ ಹೂ ಬಿಡಲಾರದು. ಅದನ್ನು ಕೊಳ್ಳಬೇಡಿ ಎಂದು ಖಂಡಿತವಾಗಿ ಹೇಳುತ್ತೇನೆ. ಇನ್ನು ಎಲೆ ಮುಟ್ಟಿದರೆ ಗುಲಾಬಿಯಂಥ ಪರಿಮಳ ಬೀರುವ ಜೆರೇನಿಯಂ ಎಣ್ಣೆಗಾಗಿ ಬೆಳೆಯುವಂಥದ್ದು. ಹೂ ಅಲ್ಪ, ಬಾಳಿಕೆ ಹೆಚ್ಚು, ಇಳಿಬೀಳುವ ಗುಣ ಇಲ್ಲ.

ಐವಿ ಎಂದೇ ತೀರ್ಮಾನಿಸಿದವರು ಹೂವಿನ ಸುತ್ತುಗಳನ್ನು ನೋಡಬೇಕು. ಒಂದೇ ಸುತ್ತಿನ, ಐದು ಕಿರಿದಾದ ಎಸಳಿನ ತಳಿಗಳು ಬಿಡಿಯಾಗಿ ನೋಡಿದರೆ ಬಡಕಲು ಎನಿಸುತ್ತವೆ. ಆದರೆ ಒಣಗಿದ ಎಸಳು ತಾನಾಗಿಯೇ ಉದುರುತ್ತದೆ, ಗೊಂಚಲು ಮೇಲಿಂದ ಮೇಲೆ ಬರುತ್ತದೆ, ಕಾವನ್ನೂ ಇವೇ ಹೆಚ್ಚು ತಾಳುತ್ತವೆ. ಯುರೋಪಿನ ಬವೇರಿಯಾ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಮನೆಗಳ ಮುಂದೆ ಪರದೆಯಂತೆ ಇಳಿಬಿದ್ದಿರುವುದು ಬಹುಪಾಲು ಇಂಥವೇ. ಪುಟ್ಟ ಗುಲಾಬಿಯಂತೆ ತುಂಬಿಕೊಂಡ ಹಲವು ಸುತ್ತಿನ ಹೂಗಳ ಗೊಂಚಲನ್ನು ಕೈಯಿಂದ ಚಿವುಟಿ ತೆಗೆಯುತ್ತಿರಬೇಕು. ಇಲ್ಲದಿದ್ದರೆ ಕಂದು ಎಸಳುಗಳು ಅಲ್ಲೇ ಅಂಟಿಕೊಂಡು, ನವೆಂಬರಿನ ಚಂಡಮಾರುತದ ಜಡಿಮಳೆಗೆ ಕೊಳೆಯುತ್ತವೆ. ಗಾಡಿಯವನ ಬಳಿ ನಿಂತಾಗ ಕಣ್ಣು ಹಲವು ಸುತ್ತಿನದನ್ನೇ ಹುಡುಕುತ್ತದೆ, ಒಪ್ಪುತ್ತೇನೆ. ನಾನು ಮಾತ್ರ ಈಗ ಒಂದು ಸುತ್ತಿನದನ್ನೇ ತರುತ್ತೇನೆ.

ಬಾಲ್ಕನಿಯ ದಿಕ್ಕು

ಹೊರನಾಡಿನ ತೋಟಗಾರಿಕೆಯ ಪುಸ್ತಕಗಳು ದಕ್ಷಿಣದ ಬಾಲ್ಕನಿ ಬಿಸಿ, ಉತ್ತರದ್ದು ತಂಪು ಎಂದು ಬರೆಯುತ್ತವೆ. ನಾವೂ ಅದನ್ನೇ ನಂಬಿ ಸೂಕ್ಷ್ಮ ಗಿಡಗಳನ್ನೆಲ್ಲ ಉತ್ತರಕ್ಕೆ ಸಾಗಿಸುತ್ತೇವೆ. ಆ ಮಾತು ಬರೆದವರ ನಾಡಿಗೆ ಸರಿ, ನಮ್ಮ ನಾಡಿಗೆ ಅರ್ಧ ತಪ್ಪು. ಬಳ್ಳಾರಿ, ಕೊಪ್ಪಳಗಳು ಉತ್ತರ ಅಕ್ಷಾಂಶ 15 ಡಿಗ್ರಿಯ ಮೇಲೆ, ರಾಯಚೂರು 16 ಡಿಗ್ರಿಯ ಮೇಲೆ ಇವೆ. ಮೇ ತಿಂಗಳ ಆರಂಭದಲ್ಲಿ ಸೂರ್ಯ ನಡುಹಗಲಿಗೆ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೆಯ ವಾರದವರೆಗೆ ನಡುಹಗಲಲ್ಲೂ ನೆತ್ತಿಗಿಂತ ಉತ್ತರಕ್ಕೆ ವಾಲಿಕೊಂಡೇ ಇರುತ್ತಾನೆ. ಡಿಸೆಂಬರಿನಲ್ಲಾದರೆ ದಕ್ಷಿಣಕ್ಕೆ ಸರಿದು, ನಡುಹಗಲಿನಲ್ಲೂ ಸುಮಾರು 51 ಡಿಗ್ರಿಯಷ್ಟೇ ಎತ್ತರಕ್ಕೆ ಏರುತ್ತಾನೆ.

ಇದರ ಪರಿಣಾಮ ಬಾಲ್ಕನಿಯಲ್ಲಿ ಹೀಗೆ ಕಾಣುತ್ತದೆ. ಉತ್ತರದ ಬಾಲ್ಕನಿಗೆ, ಐವಿ ಜೆರೇನಿಯಂಗೆ ಬಿಸಿಲು ಬೇಕಾದ ಡಿಸೆಂಬರಿನಲ್ಲಿ ಒಂದು ಗಳಿಗೆಯೂ ನೇರ ಬಿಸಿಲು ಬೀಳುವುದಿಲ್ಲ. ಬಿಸಿಲು ಬೇಡವಾದ ಮೇ ತಿಂಗಳಲ್ಲಿ ಬೆಳಿಗ್ಗೆ ಮತ್ತು ಸಂಜೆ ಓರೆಯಾಗಿ ಒಳನುಗ್ಗುತ್ತದೆ. ಅಲ್ಲಿಟ್ಟ ಗಿಡ ಚಳಿಗಾಲವಿಡೀ ಉದ್ದುದ್ದ ಕಡ್ಡಿ ಬಿಟ್ಟು, ಎಲೆ ದೂರ ದೂರವಾಗಿ, ಹೂವಿಲ್ಲದೆ ನಿಲ್ಲುತ್ತದೆ. ದಕ್ಷಿಣದ ಬಾಲ್ಕನಿಗೆ ಚಳಿಗಾಲದ ಓರೆ ಬಿಸಿಲು ಹಗಲೆಲ್ಲ ಸಿಗುತ್ತದೆ. ಬೇಸಿಗೆಯಲ್ಲಿ ಸೂರ್ಯ ನೆತ್ತಿಗೇರುವುದರಿಂದ ಮೇಲಿನ ಮಹಡಿಯ ಚಾಚೇ ಛತ್ರಿಯಾಗುತ್ತದೆ. ಬಾಡಿಗೆಯ ಮನೆ ಬದಲಿಸಿ ಪಶ್ಚಿಮದ ಬಾಲ್ಕನಿಯಿಂದ ದಕ್ಷಿಣದ ಬಾಲ್ಕನಿಗೆ ಬಂದ ಮೊದಲ ಚಳಿಗಾಲದಲ್ಲಿಯೇ ನನ್ನ ಗಿಡ ಎರಡು ಅಡಿ ಇಳಿದು ಹೂ ಬಿಟ್ಟಿತು. ಆಗ ನಾನು ಅದನ್ನು ಹೊಸ ಗೊಬ್ಬರದ ಮಹಿಮೆ ಎಂದುಕೊಂಡಿದ್ದೆ. ಕಾರಣ ಹೊಳೆದದ್ದು ಮರುವರ್ಷ.

ಪೂರ್ವದ ಬಾಲ್ಕನಿ ಸುಲಭದ ಆಯ್ಕೆ. ಬೆಳಗಿನ ಎಳೆಬಿಸಿಲು ನಾಲ್ಕೈದು ತಾಸು ಸಿಕ್ಕಿ, ಹನ್ನೊಂದರ ಹೊತ್ತಿಗೆ ನೆರಳು ಬೀಳುವ ಕಡೆ ಐವಿ ಜೆರೇನಿಯಂ ಫೆಬ್ರವರಿಯನ್ನು ದಾಟಿ ಒಂದೆರಡು ವಾರ ಹೆಚ್ಚೇ ನಿಲ್ಲುತ್ತದೆ. ಪಶ್ಚಿಮದ ಬಾಲ್ಕನಿಯವರು ಈ ಗಿಡದ ಆಸೆ ಬಿಡುವುದೇ ಒಳ್ಳೆಯದು. ಬಿಸಿಲನ್ನು ಹಸಿರು ಪರದೆ ಕಟ್ಟಿ ತಡೆಯಬಹುದು, ಆದರೆ ಮಧ್ಯಾಹ್ನವೆಲ್ಲ ಕಾದ ಗೋಡೆ ರಾತ್ರಿ ಗಿಡದ ಬೆನ್ನಿಗೆ ಊದುವ ಕಾವನ್ನು ತಡೆಯಲಾಗದು. ಎ.ಸಿ.ಯ ಹೊರಘಟಕ ಎದುರಿಗಿದ್ದರೆ ಯಾವ ದಿಕ್ಕಿನ ಬಾಲ್ಕನಿಯೂ ಪಶ್ಚಿಮದಂತೆಯೇ ಎಂದು ತಿಳಿಯಬೇಕು.

ಐವಿ ಬೇಡವಾದರೆ ಮತ್ತೆ ಯಾವುದು?

ಪಶ್ಚಿಮದ ಬಾಲ್ಕನಿಗೆ ನನ್ನ ಮೊದಲ ಮಾತು ಟೇಬಲ್ ರೋಸ್. ಬೆಳಿಗ್ಗೆ ಒಂಬತ್ತು, ಹತ್ತರ ಹೊತ್ತಿಗೆ ಅರಳುವುದರಿಂದ ಹತ್ತು ಗಂಟೆಯ ಹೂ ಎಂದೂ ಕರೆಯುವ ಇದು ದಕ್ಷಿಣ ಅಮೆರಿಕದ ಗಿಡ. ಐವಿ ಜೆರೇನಿಯಂ ಸೋಲುವ ಮಾರ್ಚ್ ತಿಂಗಳಲ್ಲಿ ಇದು ಮೈದುಂಬಿಕೊಳ್ಳುತ್ತದೆ. ಒಂದು ಚಿಗುರು ಮುರಿದು ನೆಟ್ಟರೆ ವಾರದಲ್ಲಿ ಬೇರು, ತಿಂಗಳಿನಲ್ಲಿ ಹೂ. ಅಕ್ಕಪಕ್ಕದ ಮನೆಗಳಿಂದ ಪುಕ್ಕಟೆಯಾಗಿ ಸಿಗುವುದರಿಂದಲೋ ಏನೋ ಇದಕ್ಕೆ ಸಿಗಬೇಕಾದ ಮರ್ಯಾದೆ ಸಿಕ್ಕಿಲ್ಲ. ಇದರ ಕೊರತೆಯನ್ನೂ ಹೇಳಬೇಕು: ಮಧ್ಯಾಹ್ನದ ಹೊತ್ತಿಗೆ ಹೂ ಮುಚ್ಚಿಕೊಳ್ಳುತ್ತದೆ. ಬೆಳಿಗ್ಗೆ ಕೆಲಸಕ್ಕೆ ಹೋಗಿ ಸಂಜೆ ಮರಳುವವರು ತಮ್ಮದೇ ಗಿಡದ ಹೂವನ್ನು ಭಾನುವಾರ ಮಾತ್ರ ನೋಡಿಯಾರು. ಮಳೆಗಾಲದ ಮೋಡದ ದಿನಗಳಲ್ಲಿ ಅರಳುವುದಕ್ಕೂ ಜಿಪುಣತನ ಮಾಡುತ್ತದೆ.

ಇಡೀ ದಿನ ಹೂ ಕಾಣಬೇಕು, ವರ್ಷವಿಡೀ ಇರಬೇಕು, ನೀರಿಗೆ ಕಾಡಬಾರದು ಎನ್ನುವವರಿಗೆ ನೇರಳೆ ಬಣ್ಣದ ಇಳಿಬೀಳುವ ಲಂಟಾನವೇ ತಕ್ಕದ್ದು. ಕಾಡು ನುಂಗಿರುವ ಕಳೆ ಲಂಟಾನದ ಜಾತಿಯೇ ಆದರೂ ಇದರ ಪ್ರಭೇದ ಬೇರೆ; ಕಡ್ಡಿ ತೆಳು, ಮೂರು ಅಡಿಯವರೆಗೆ ಇಳಿಬೀಳುತ್ತದೆ, ಚಿಟ್ಟೆಗಳನ್ನು ಕರೆಯುತ್ತದೆ. ಐವಿ ಜೆರೇನಿಯಂನ ಗೊಂಚಲಿನ ಮೃದುತ್ವ ಇದಕ್ಕಿಲ್ಲ, ಎಲೆಯ ವಾಸನೆಯೂ ಎಲ್ಲರಿಗೂ ಒಗ್ಗುವುದಿಲ್ಲ. ಲಂಟಾನದ ಎಲೆ ದನಕರುಗಳಿಗೆ ವಿಷ. ಕತ್ತರಿಸಿದ ಕಡ್ಡಿಗಳನ್ನು ಬೀದಿಯ ದನಗಳು ಮೂಸುವ ಕಸದ ಗುಂಡಿಗೆ ಎಸೆಯಬಾರದು.

ನಿತ್ಯಪುಷ್ಪವನ್ನು ಕುಂಡದ ಗಿಡವೆಂದು ಎಲ್ಲರೂ ಬಲ್ಲರು, ಅದರಲ್ಲಿ ಇಳಿಬೀಳುವ ತಳಿಗಳೂ ಬಂದಿರುವುದು ಅನೇಕರಿಗೆ ತಿಳಿದಿಲ್ಲ. ಬಣ್ಣಗಳ ಆಯ್ಕೆಯಲ್ಲಿ ಐವಿ ಜೆರೇನಿಯಂಗೆ ಹತ್ತಿರ ಬರುವುದು ಇದೊಂದೇ, ಬೇಸಿಗೆಯನ್ನೂ ದಾಟುತ್ತದೆ. ನೀರು ನಿಂತರೆ ಮಾತ್ರ ಬುಡ ಕೊಳೆತು ಒಂದೇ ದಿನದಲ್ಲಿ ಜೋತುಬೀಳುತ್ತದೆ. ಪೆಟೂನಿಯಾ ಐವಿಯಂತೆಯೇ ಚಳಿಗಾಲದ ಅತಿಥಿ, ಅದಕ್ಕಿಂತ ಅಗ್ಗ, ಅದಕ್ಕಿಂತ ಹೆಚ್ಚು ಹೂ. ಆದರೆ ಮುಟ್ಟಿದರೆ ಅಂಟು, ಫೆಬ್ರವರಿಗೆ ಮುಗಿದರೆ ಮುಗಿಯಿತು, ಕಡ್ಡಿ ಉಳಿಸಿಕೊಳ್ಳುವ ಮಾತಿಲ್ಲ. ಮನೆಯಲ್ಲೊಂದು ಕಾರ್ಯಕ್ರಮವಿದ್ದು ಜನವರಿಯಲ್ಲಿ ಬಾಲ್ಕನಿ ತುಂಬಿ ಕಾಣಬೇಕಾದರೆ ನಾನು ಐವಿಯನ್ನು ಬಿಟ್ಟು ಪೆಟೂನಿಯಾವನ್ನೇ ತಂದೇನು. ಉತ್ತರದ ಬಾಲ್ಕನಿಯವರು ಹೂವಿನ ಹಟ ಬಿಟ್ಟು ಮನಿ ಪ್ಲಾಂಟನ್ನೋ ಟರ್ಟಲ್ ವೈನನ್ನೋ ಇಳಿಬಿಟ್ಟರೆ ಸಾಕು.

ಮಣ್ಣು ಮತ್ತು ನೀರು

ಐವಿ ಜೆರೇನಿಯಂ ನಮ್ಮಲ್ಲಿ ಕೆಡುವುದಕ್ಕೆ ಬಿಸಿಲಿನಷ್ಟೇ ಮುಖ್ಯವಾದ ಇನ್ನೊಂದು ಕಾರಣ ಮಣ್ಣು ಮತ್ತು ನೀರಿನ ಸುಣ್ಣದ ಅಂಶ. ಈ ಗಿಡ ತುಸು ಹುಳಿ ಗುಣದ, ಅಂದರೆ ಪಿಎಚ್ 5.5ರಿಂದ 6ರ ಆಸುಪಾಸಿನ ಮಣ್ಣನ್ನು ಬಯಸುತ್ತದೆ. ನಮ್ಮ ಎರೆಮಣ್ಣಿನಲ್ಲಿ ಸುಣ್ಣದ ಹರಳು ಹೇರಳ, ಪಿಎಚ್ 8ರ ಹತ್ತಿರ ಅಥವಾ ಅದಕ್ಕೂ ಮೇಲೆ. ಅಂಥ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಕರಗದ ರೂಪದಲ್ಲಿ ಕುಳಿತುಬಿಡುತ್ತದೆ, ಬೇರಿಗೆ ಎಟುಕುವುದಿಲ್ಲ. ಆಗ ಹೊಸ ಎಲೆಗಳು ನರಗಳನ್ನಷ್ಟೇ ಹಸಿರಾಗಿ ಉಳಿಸಿಕೊಂಡು ಹಳದಿಯಾಗುತ್ತವೆ, ಬಿಸಿಲು ಏರಿದಂತೆ ಬೆಳ್ಳಗೇ ಆಗುತ್ತವೆ. ಸಂಡೂರಿನ ಗುಡ್ಡಗಳಿಂದ ಅದಿರು ಹೊತ್ತು ಸಾಗುವ ಲಾರಿಗಳ ಕೆಂಧೂಳು ಎಲೆಯ ಮೇಲೆ ಬೆರಳಿನಿಂದ ಬರೆಯುವಷ್ಟು ಕೂತಿರುತ್ತದೆ, ಆ ಧೂಳೆಲ್ಲ ಕಬ್ಬಿಣವೇ. ಅದೇ ಎಲೆ ಕಬ್ಬಿಣ ಸಿಗದೆ ಬಿಳಿಚಿಕೊಂಡಿರುತ್ತದೆ! ಸುಣ್ಣದ ನೆಲದಲ್ಲಿ ಶೇಂಗಾ ಹಳದಿಯಾದಾಗ ರೈತರು ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಸಿಂಪಡಿಸುವುದೂ ಇದೇ ತೊಂದರೆಗೆ.

ಆದ್ದರಿಂದ ಹೊಲದಿಂದ ತಂದ ಎರೆಮಣ್ಣು ಫಲವತ್ತಾದದ್ದು ಎಂಬ ಪ್ರೀತಿಯಿಂದ ಅದನ್ನು ಈ ಕುಂಡಕ್ಕೆ ಹಾಕಬಾರದು. ಒಣಗಿದಾಗ ಅದು ಬಿರಿದು ಎಳೆಬೇರನ್ನು ಹರಿಯುವುದೂ ಉಂಟು. ಮಸಾರಿ (ಕೆಂಪು) ಮಣ್ಣು ಒಂದು ಪಾಲು, ಚೆನ್ನಾಗಿ ತೊಳೆದ ತೆಂಗಿನ ನಾರಿನ ಪುಡಿ ಎರಡು ಪಾಲು, ಎರೆಹುಳು ಗೊಬ್ಬರ ಒಂದು ಪಾಲು: ಇದು ನನಗೆ ಒದಗಿಬಂದ ಮಿಶ್ರಣ. ನಾರಿನ ಪುಡಿಯಲ್ಲಿ ಉಪ್ಪು ಇರುವುದರಿಂದ ಎರಡು ಮೂರು ನೀರಿನಲ್ಲಿ ನೆನೆಸಿ ಹಿಂಡಲೇಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪ ಕಡೆಯವರಿಗೆ ಅಕ್ಕಿ ಗಿರಣಿಗಳ ಹೊಟ್ಟು ಬೇಕಾದಷ್ಟು ಸಿಗುತ್ತದೆ. ಕಪ್ಪಾಗುವಷ್ಟು ಮಾತ್ರ ಸುಟ್ಟ ಹೊಟ್ಟನ್ನು ಒಂದೆರಡು ಹಿಡಿ ಬೆರೆಸಿದರೆ ಮಣ್ಣು ಸಡಿಲಾಗುತ್ತದೆ. ಬಾಯ್ಲರಿನಿಂದ ಬರುವ ಬೂದುಬಣ್ಣದ ಬೂದಿ ಮಾತ್ರ ಬೇಡ, ಅದು ಕ್ಷಾರವನ್ನು ಇನ್ನೂ ಹೆಚ್ಚಿಸುತ್ತದೆ.

ಮಣ್ಣನ್ನು ಎಷ್ಟೇ ಹದವಾಗಿ ಬೆರೆಸಿದರೂ ಕೊಳವೆಬಾವಿಯ ಗಡಸು ನೀರನ್ನು ಮೂರು ತಿಂಗಳು ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟುತ್ತದೆ. ತುಂಗಭದ್ರೆಯ ನೀರು ನಲ್ಲಿಯಲ್ಲಿ ಬರುವ ಬಡಾವಣೆಯವರು, ಅದು ಎಷ್ಟೇ ದಿನಕ್ಕೊಮ್ಮೆ ಬರಲಿ, ಒಂದು ಬಕೆಟ್ಟನ್ನು ಈ ಗಿಡಕ್ಕೆಂದು ಎತ್ತಿಡುವುದು ಲೇಸು. ಕೊಳವೆಬಾವಿಯ ನೀರೇ ಗತಿಯಾದವರು 10 ಲೀಟರಿಗೆ ಸುಮಾರು 2 ಗ್ರಾಂ ನಿಂಬೆ ಉಪ್ಪನ್ನು (ಸಿಟ್ರಿಕ್ ಆಮ್ಲ) ಕರಗಿಸಿ ಹಾಕಿದರೆ ಸುಣ್ಣದ ಕಾಟ ಸಾಕಷ್ಟು ತಗ್ಗುತ್ತದೆ. ಆರ್‌ಒ ಯಂತ್ರ ಹೊರಹಾಕುವ ನೀರು, ಕೂಲರಿನ ತೊಟ್ಟಿಯ ತಳದಲ್ಲಿ ಉಳಿದ ನೀರು, ಎರಡರಲ್ಲೂ ಲವಣ ಮಡುಗಟ್ಟಿರುತ್ತದೆ. ನೀರು ಪೋಲಾಗಬಾರದೆಂಬ ಒಳ್ಳೆಯ ಬುದ್ಧಿಯಿಂದಲೇ ನಾವು ಅದನ್ನು ಗಿಡಕ್ಕೆ ಸುರಿಯುತ್ತೇವೆ, ಗಿಡ ಕೆಡುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇಲ್ಲವೆನ್ನಬಹುದು, ಅದನ್ನು ಧಾರಾಳವಾಗಿ ಬಳಸಬಹುದು.

ಈಗಾಗಲೇ ಹಳದಿಯಾದ ಗಿಡಕ್ಕೆ ಚೀಲೇಟ್ ರೂಪದ, ಅಂದರೆ ಮಣ್ಣಿನಲ್ಲಿ ಕರಗಿಯೇ ಉಳಿಯುವಂತೆ ಬೇರೊಂದು ರಾಸಾಯನಿಕದ ಹಿಡಿತದಲ್ಲಿಟ್ಟ, ಕಬ್ಬಿಣ ಕೊಡಬೇಕು. ಇದರಲ್ಲೂ ಎರಡು ಬಗೆ. ಅಗ್ಗವಾದ ಇಡಿಟಿಎ ಕಬ್ಬಿಣ ಸುಣ್ಣದ ಮಣ್ಣಿನಲ್ಲಿ ಬೇಗನೆ ನಿಷ್ಫಲವಾಗುತ್ತದೆ. ಕ್ಷಾರದಲ್ಲೂ ಕೆಲಸ ಮಾಡುವುದು ಇಡಿಡಿಎಚ್‌ಎ ಎಂಬ ಕೆಂಗಂದು ಬಣ್ಣದ ಹರಳು. ಬೆಲೆ ಹೆಚ್ಚಾದರೂ ಕುಂಡಕ್ಕೆ ಬೇಕಾಗುವುದು ಚಿಟಿಕೆಯಷ್ಟೇ. ಅದನ್ನು ಎಲೆಗೆ ಸಿಂಪಡಿಸದೆ ನೀರಿನಲ್ಲಿ ಕರಗಿಸಿ ಬುಡಕ್ಕೆ ಹಾಕಬೇಕು.

ನೀರಿನ ಪ್ರಮಾಣದ ಬಗ್ಗೆ ಒಂದು ಮಾತು. ಮಣ್ಣಿನ ಮೇಲಿನ ಒಂದು ಅಂಗುಲ ಒಣಗಿದ ಮೇಲೆಯೇ ಮತ್ತೆ ಹಾಕಬೇಕು, ಹಾಕಿದಾಗ ತಳದ ತೂತಿನಿಂದ ಹೊರಬರುವಷ್ಟು ಹಾಕಬೇಕು. ಮೋಡ ಕವಿದ, ಗಾಳಿಯಾಡದ ದಿನಗಳಲ್ಲಿ ಮಣ್ಣು ಹಸಿಯಾಗಿದ್ದರೆ ಬೇರು ಎಳೆದ ನೀರನ್ನು ಎಲೆ ಹೊರಬಿಡಲಾರದೆ ಒಳಗಿನ ಜೀವಕೋಶಗಳು ಒಡೆಯುತ್ತವೆ. ಎಲೆಯ ಅಡಿಯಲ್ಲಿ ಬೆಂಡಿನಂಥ ಕಂದು ಗುಳ್ಳೆಗಳು ಏಳುತ್ತವೆ. ಇದನ್ನು ರೋಗವೆಂದು ಭಾವಿಸಿ ಔಷಧ ಸಿಂಪಡಿಸುವವರನ್ನು ನೋಡಿದ್ದೇನೆ. ಇದು ರೋಗವಲ್ಲ, ನೀರು ಹೆಚ್ಚಾದದ್ದು, ಅಷ್ಟೇ. ಬೇಸಿಗೆ ಹತ್ತಿರವಾದಂತೆ ಎಲೆಯಡಿ ಬಲೆ ಕಟ್ಟುವ ನುಸಿ, ಗಿಣ್ಣಿನಲ್ಲಿ ಹತ್ತಿಯಂತೆ ಕೂರುವ ಹಿಟ್ಟು ತಿಗಣೆ ಇವು ನಿಜವಾದ ಕೀಟಗಳು. ಸಂಜೆಯ ಹೊತ್ತು ಬೇವಿನ ಎಣ್ಣೆಯ ಸಿಂಪರಣೆಗೆ ಬಹುಮಟ್ಟಿಗೆ ಹತೋಟಿಗೆ ಬರುತ್ತವೆ.

ಕುಂಡ

ಮಣ್ಣಿನ ಕುಂಡ ತನ್ನ ಮೈಯಿಂದ ನೀರನ್ನು ಆರಿಸುತ್ತ ಬೇರನ್ನು ತಂಪಾಗಿಡುತ್ತದೆ, ಆದರೆ ಬೇಗ ಒಣಗುತ್ತದೆ, ಭಾರವೂ ಹೆಚ್ಚು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿನಲ್ಲಿ ಬೇರನ್ನು ಬೇಯಿಸುತ್ತದೆ. ಪ್ಲಾಸ್ಟಿಕ್ಕೇ ಬೇಕಾದರೆ ಬಿಳಿ ಬಣ್ಣದ್ದನ್ನು ಆರಿಸಬೇಕು. ನಾರಿನ ಹಾಸು ಹೊದಿಸಿದ ತಂತಿಬುಟ್ಟಿ ಫೋಟೋದಲ್ಲಿ ಚೆಂದ, ನಮ್ಮ ಒಣಗಾಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಬೇಡುತ್ತದೆ. ಸಸಿಯಿರುವ ಚಿಕ್ಕ ಪ್ಲಾಸ್ಟಿಕ್ ಕುಂಡವನ್ನು ಒಂದು ಅಳತೆ ದೊಡ್ಡದಾದ ಮಣ್ಣಿನ ಕುಂಡದೊಳಗೆ ಇಳಿಸಿ, ನಡುವಿನ ಸಂದಿಗೆ ಮರಳು ತುಂಬಿ ಆ ಮರಳನ್ನು ಒದ್ದೆಯಾಗಿಟ್ಟರೆ ಎರಡರ ಗುಣವೂ ಒಂದೇ ಕಡೆ ಸಿಗುತ್ತದೆ. ಇದನ್ನು ತೂಗುಹಾಕಲಾಗದು, ಕಟ್ಟೆಯ ಮೇಲಿಡಬೇಕು.

ಒಂದು ಅಡಿ ಅಗಲದ ತೂಗುಕುಂಡಕ್ಕೆ ಮೂರು ಸಸಿ ಸಾಕು. ನೀರು ಕುಡಿದ ಮೇಲೆ ಅದರ ತೂಕ 8ರಿಂದ 10 ಕಿಲೋ ಆಗುತ್ತದೆ, ಬಟ್ಟೆ ಒಣಗಿಸುವ ತಂತಿಯ ಮೊಳೆಗೆ ಅದನ್ನು ನೇತುಹಾಕುವುದು ಅಪಾಯ. ರೇಲಿಂಗಿಗೆ ಪೆಟ್ಟಿಗೆ ಕಟ್ಟುವವರು ಹೊರಮುಖವಾಗಿ ಕಟ್ಟದೆ ಒಳಮುಖವಾಗಿ ಕಟ್ಟಿ, ಬಳ್ಳಿಯನ್ನು ಮಾತ್ರ ಹೊರಗೆ ಇಳಿಬಿಡಲಿ. ಆಷಾಢದ ಗಾಳಿಗೆ ಕಳಚಿ ಬಿದ್ದರೆ ಕೆಳಗೆ ನಡೆದಾಡುವವರಿದ್ದಾರೆ. ಕೆಂಪು ನೀರು ಕೆಳಮನೆಯವರ ಒಣಹಾಕಿದ ಬಟ್ಟೆಯ ಮೇಲೆ ತೊಟ್ಟಿಕ್ಕದಂತೆ ತಳಕ್ಕೊಂದು ತಟ್ಟೆಯನ್ನೂ ಇಡಬೇಕು. ಐವಿ ಜೆರೇನಿಯಂನ ಕಡ್ಡಿ ಗಿಣ್ಣಿನಲ್ಲಿ ಸುಲಭವಾಗಿ ಮುರಿಯುತ್ತದೆ, ಲಂಟಾನ ಮುರಿಯುವುದಿಲ್ಲ. ಕೊಪ್ಪಳದಂಥ ಗಾಳಿಯೂರಿನಲ್ಲಿ, ಮೇಲಿನ ಮಹಡಿಗಳಲ್ಲಿ ವಾಸಿಸುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ಬೇಸಿಗೆಯಲ್ಲಿ ಉಳಿಸಿಕೊಳ್ಳುವುದೋ ಬಿಡುವುದೋ

ಮೇ ತಿಂಗಳಲ್ಲಿ ಊರಿಗೆ ಹೋಗುವವರು, ಮನೆಗೆ ಬೀಗ ಹಾಕುವವರು ಮಾರ್ಚಿನಲ್ಲಿಯೇ ಗಿಡಕ್ಕೆ ವಿದಾಯ ಹೇಳಿ ಅದೇ ಕುಂಡಕ್ಕೆ ಟೇಬಲ್ ರೋಸ್ ಚಿಗುರನ್ನು ಚುಚ್ಚುವುದು ಜಾಣತನ. ನವೆಂಬರಿನಲ್ಲಿ ಮತ್ತೆ ಸಸಿ ಸಿಗುತ್ತದೆ. ಮನೆಯಲ್ಲೇ ಇರುವವರು, ತಂದ ಗಿಡವನ್ನು ಸಾಯಲು ಬಿಡಲಾಗದವರು ಉಳಿಸಿಕೊಳ್ಳಲು ಯತ್ನಿಸಬಹುದು. ಮಾರ್ಚ್ ಎರಡನೆಯ ವಾರದಲ್ಲಿ ಹೂಗೊಂಚಲುಗಳನ್ನೆಲ್ಲ ತೆಗೆದು, ಬಳ್ಳಿಗಳನ್ನು ಅರ್ಧಕ್ಕೆ ಕತ್ತರಿಸಿ, ಗೊಬ್ಬರ ಪೂರ್ತಿ ನಿಲ್ಲಿಸಿ, ಬೆಳಕಿದ್ದು ಬಿಸಿಲಿಲ್ಲದ ಜಾಗಕ್ಕೆ ಕುಂಡವನ್ನು ಇಳಿಸಬೇಕು. ನನ್ನ ಮನೆಯಲ್ಲಿ ಅದು ಬಚ್ಚಲ ಮನೆಯ ಪೂರ್ವದ ಕಿಟಕಿಯ ಕೆಳಗೆ, ನೆಲದ ಮೇಲೆ. ಆ ಮೂರು ತಿಂಗಳು ಗಿಡ ಬೆಳೆಯಬೇಕೆಂದು ಒತ್ತಾಯಿಸಬಾರದು. ನಿದ್ದೆಯಲ್ಲಿರುವ ಗಿಡಕ್ಕೆ ಬೇಕಾಗುವಷ್ಟೇ ನೀರನ್ನು ಮುಂಜಾನೆ ಹಾಕಬೇಕು. ಕಳೆದ ಬೇಸಿಗೆಯಲ್ಲಿ ನಾನು ಹೀಗಿಟ್ಟ ಐದು ಗಿಡಗಳಲ್ಲಿ ಎರಡು ಉಳಿದವು, ಎರಡೂ ಒಂದು ಸುತ್ತಿನ ಹೂವಿನವು.

ಎರಡೇ ಉಳಿದರೂ ಸಾಕು. ಸೆಪ್ಟೆಂಬರಿನ ಮಳೆ ಹಿಂದೆ ಸರಿದು ಅಕ್ಟೋಬರಿನಲ್ಲಿ ರಾತ್ರಿ ತಂಪಾಗತೊಡಗಿದಾಗ ಚಿಗುರು ಬರುತ್ತದೆ. ಆಗ ಮೂರು ನಾಲ್ಕು ಗಿಣ್ಣಿರುವ, ಬೆರಳುದ್ದದ ತುದಿಕಡ್ಡಿಗಳನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆಗಳನ್ನು ತೆಗೆದು, ಗಾಯ ಒಣಗಲು ಅರ್ಧ ದಿನ ನೆರಳಿನಲ್ಲಿ ಹಾಗೆಯೇ ಬಿಡಬೇಕು. ಎಲೆಯಲ್ಲಿ ಚುಕ್ಕೆಯಿರುವ ಗಿಡದಿಂದ ಕಡ್ಡಿ ತೆಗೆಯಬಾರದು, ಏಕೆಂದರೆ ಬ್ಯಾಕ್ಟೀರಿಯಾದಿಂದ ಬರುವ ಎಲೆಚುಕ್ಕೆ ಐವಿಯಲ್ಲಿ ಮೆಲ್ಲಗೆ ಅಡಗಿದ್ದು ಹೊಸ ಗಿಡಗಳಿಗೆಲ್ಲ ದಾಟುತ್ತದೆ. ಒದ್ದೆ ನಾರಿನ ಪುಡಿಯಲ್ಲಿ ನೆಟ್ಟ ಕಡ್ಡಿ ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುತ್ತದೆ. ಬೇರು ಬರಿಸಲು ಮಾರುವ ಹಾರ್ಮೋನ್ ಪುಡಿಯ ಅಗತ್ಯವಿಲ್ಲ. ಐದಾರು ಎಲೆಯಾದಾಗ ತುದಿಯನ್ನು ಒಮ್ಮೆ ಚಿವುಟಿದರೆ ಎರಡು ಮೂರು ಕವಲು ಒಡೆಯುತ್ತವೆ, ಆ ಕವಲುಗಳೇ ಮುಂದೆ ಇಳಿಬೀಳುವ ಬಳ್ಳಿಗಳು. ಆ ಬಳಿಕ ಹತ್ತು ದಿನಕ್ಕೊಮ್ಮೆ, ಲೀಟರಿಗೆ 1 ಗ್ರಾಮಿನಂತೆ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ) ಗೊಬ್ಬರವನ್ನು ಕರಗಿಸಿ ಹಾಕುತ್ತ, ಡಿಸೆಂಬರಿನ ಮೊದಲ ವಾರದಲ್ಲಿ ಕುಂಡವನ್ನು ದಕ್ಷಿಣದ ರೇಲಿಂಗಿಗೆ ಏರಿಸಬಹುದು.